ನಾನು ಆರಿಸದೆ ಬಂದ ದೀಪ

ಇದನ್ನು ಬರೆಯಲು ಕೂತದ್ದು ಇದು ಮೊದಲ ಸಲವಲ್ಲ. ತಾಯಿ ಇರುವವರೆಗೆ, ಅವಳು ನೊಂದಾಳು ಎಂದು ಬಿಟ್ಟೆ. ಅವಳು ಹೋದ ಮೇಲೆ ಮಕ್ಕಳ ಮದುವೆ ಆಗಿಬಿಡಲಿ ಎಂದುಕೊಂಡೆ. ಮದುವೆಗಳಾದವು, ಬೀಗರು ಏನೆಂದಾರು ಎಂಬ ಹೊಸ ನೆಪ ಸಿಕ್ಕಿತು. ಈಗ ಎಡಗಣ್ಣು ಪೂರಾ ಮಂಜು. ಬಲಗಣ್ಣಿಗೂ ಪೊರೆ ಬರುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ. ಅಕ್ಷರ ಕಾಣುತ್ತಿರುವಾಗಲೇ ಮುಗಿಸಬೇಕು.

ಇನ್ನೊಂದು ಕಾರಣವೂ ಇದೆ. ಹೋದ ತಿಂಗಳು ಊರಿನವರು ಗ್ರಾಮದೇವತೆ ಅಮ್ಮನ ಗುಡಿಯ ಮುಂದೆ ಚಪ್ಪರ ಹಾಕಿ ನನಗೆ ಶಾಲು ಹೊದಿಸಿದರು. ಮಾತಾಡಿದವರೊಬ್ಬರು ನನ್ನ ಕಡೆ ಕೈ ತೋರಿಸಿ, "ಕಣ್ಣಾರೆ ಕಾಣದ್ದಕ್ಕೆ ದೀಪ ಆರಿಸಲಾರೆ ಅಂತ ಇದೇ ಗುಡಿಯಿಂದ ಎದ್ದುಬಂದೋರು ಇವರು" ಎಂದರು. ಜನ ಚಪ್ಪಾಳೆ ತಟ್ಟಿದರು. ಒಳ್ಳೆಯ ಮನುಷ್ಯ ಎಂದರೆ ಹೇಗಿರಬೇಕು ಎಂಬ ಮಾತು ಬಂದಾಗಲೆಲ್ಲ ನಮ್ಮೂರಿನಲ್ಲಿ ಈ ಕಥೆ ಹೇಳುತ್ತಾರೆ. ಅವರು ಹೇಳುವ ಕಥೆಯಲ್ಲಿ ಸುಳ್ಳಿಲ್ಲ. ಅದರ ಮೊದಲರ್ಧ ಮಾತ್ರ ಅವರಿಗೆ ಗೊತ್ತಿಲ್ಲ.

ನಮ್ಮದು ಸಾಲಿಗ್ರಾಮಕ್ಕೂ ಭೇರ್ಯಕ್ಕೂ ನಡುವಿನ ಒಂದು ಸಣ್ಣ ಊರು. ಮಹಾರಾಜರ ಕಾಲ. ಕೆ.ಆರ್. ನಗರವನ್ನು ನಮ್ಮ ಹಿರಿಯರು ಇನ್ನೂ ಎಡತೊರೆ ಎಂದೇ ಕರೆಯುತ್ತಿದ್ದರು. ಕಾವೇರಿಯಿಂದ ಬರುವ ನಾಲೆಗೆ ನಮ್ಮೂರ ಪಾಲಿನ ಒಂದು ತೂಬು, ಆ ತೂಬಿನಿಂದ ಹೊರಟ ಒಂದು ಕಿರುಗಾಲುವೆ. ಕಾಲುವೆಯ ಎರಡೂ ಕಡೆ ಊರಿನವರ ಗದ್ದೆಗಳು. ತೂಬಿಗೆ ಒಂದು ಮರದ ಹಲಗೆ. ಅದನ್ನು ಎಷ್ಟು ಎತ್ತಿದರೆ ಅಷ್ಟು ನೀರು. ಆ ಹಲಗೆಯನ್ನು ಮುಟ್ಟುವ ಅಧಿಕಾರ ಊರಲ್ಲಿ ಒಬ್ಬನಿಗೇ ಇತ್ತು. ಅವನು ನೀರುಗಂಟಿ. ಅಪ್ಪನಿಂದ ಮಗನಿಗೆ ಬರುವ ಕೆಲಸ ಅದು. ಪಟೇಲರೇ ಆಗಲಿ, ತಮ್ಮ ಗದ್ದೆಗೆ ತಾವೇ ನೀರು ತಿರುಗಿಸುವಂತಿರಲಿಲ್ಲ. ಇವತ್ತು ಯಾರ ಸರದಿ, ಎಷ್ಟು ಹೊತ್ತು, ಎಲ್ಲವೂ ಅವನ ತಲೆಯಲ್ಲಿರುತ್ತಿತ್ತು. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೊಂದು ಹೊರೆ ಭತ್ತ ಹುಲ್ಲುಸಮೇತ ಹೋಗುತ್ತಿತ್ತು. ಅದೇ ಅವನ ಮನೆಯ ಅನ್ನ.

ನಾನು ಕಂಡ ನೀರುಗಂಟಿ ಉದ್ದನೆಯ, ತೆಳ್ಳನೆಯ ಮನುಷ್ಯ. ಕಾಲುವೆಗೆ ಪಾದ ಇಟ್ಟರೆ ಸಾಕು, ಕೊನೆಯ ಗದ್ದೆಗೆ ನೀರು ಮುಟ್ಟುವುದು ಎಷ್ಟು ಹೊತ್ತಿಗೆ ಎಂದು ಹೇಳಿಬಿಡುತ್ತಿದ್ದ. ಇಬ್ಬರು ರೈತರು ಬದುವಿನ ಮೇಲೆ ಕಾದಾಡುತ್ತಿದ್ದರೆ ಇವನು ನಡುವೆ ನಿಂತು, "ನೀರು ಓಯ್ತಾನೇ ಇದೆ, ನೀವ್ ಮಾತ್ರ ನಿಂತಿದ್ದೀರಿ ಬುದ್ಧಿ" ಎಂದು ನಗಿಸಿ ಕಳಿಸುತ್ತಿದ್ದ. ಊರಾಚೆಯ ಕೇರಿಯವನು. ಅವನ ಕೈಯಿಂದ ಬಂದ ನೀರಿನಲ್ಲಿ ಊರೆಲ್ಲ ಬೆಳೆಯುತ್ತಿತ್ತು. ಅಮ್ಮನ ಗುಡಿಯ ಮೆಟ್ಟಿಲನ್ನು ಅವನು ಹತ್ತುವಂತಿರಲಿಲ್ಲ. ಇದರಲ್ಲಿ ವಿಚಿತ್ರವಿದೆ ಎಂದು ಆಗ ನನಗೆ ಅನ್ನಿಸಿದ್ದಿಲ್ಲ.

ನಾನು ಮೈಸೂರಿನಲ್ಲಿ ಹೈಸ್ಕೂಲು ಓದಿ ಬಂದಿದ್ದೆ. ತಂದೆ ತೀರಿಕೊಂಡದ್ದರಿಂದ ಮುಂದೆ ಓದದೆ ಗದ್ದೆ ನೋಡಿಕೊಳ್ಳುತ್ತಿದ್ದೆ. ಊರಿನವರಿಗೆ ಅಮಲ್ದಾರರಿಗೆ ಅರ್ಜಿ ಬರೆದುಕೊಡುವುದು, ಬಂದ ಕಾಗದ ಓದಿ ಹೇಳುವುದು ನನ್ನ ಪಾಲಿಗಿತ್ತು. ಬೀಡಿ ಸೇದುತ್ತಿರಲಿಲ್ಲ, ಹೆಂಡ ಮುಟ್ಟುತ್ತಿರಲಿಲ್ಲ, ಸುಳ್ಳು ಹೇಳುತ್ತಿರಲಿಲ್ಲ. ಹೀಗೆ ಮಾಡದೆ ಇದ್ದದ್ದನ್ನೆಲ್ಲ ಕೂಡಿಸಿ ನಾನು ಒಳ್ಳೆಯವನು ಎಂದುಕೊಂಡಿದ್ದೆ. ಊರೂ ಹಾಗೇ ಅಂದುಕೊಂಡಿತ್ತು. "ಅವನ ಬಾಯಲ್ಲಿ ಸುಳ್ಳು ಬರಾಕಿಲ್ಲ ಕಣ್ಲಾ" ಎಂದು ಹಿರಿಯರು ತಮ್ಮ ಮಕ್ಕಳಿಗೆ ನನ್ನನ್ನು ತೋರಿಸುತ್ತಿದ್ದರು. ನನ್ನ ಗುದ್ದಲಿಯ ಮರದ ಕಾವಿನ ಮೇಲೆ ಕಾಸಿದ ಮೊಳೆಯಿಂದ ನನ್ನ ಹೆಸರಿನ ಎರಡು ಅಕ್ಷರ ಸುಟ್ಟು ಬರೆದುಕೊಂಡಿದ್ದೆ. ಇಡೀ ಊರಿನಲ್ಲಿ ಅಕ್ಷರವಿದ್ದ ಗುದ್ದಲಿ ಅದೊಂದೇ.

ಆ ವರ್ಷ ಪಟೇಲರ ಮಗಳ ಮದುವೆ ನಾಟಿಯ ದಿನಗಳಲ್ಲೇ ಬಂತು. ನಾಲೆಯಲ್ಲಿ ನೀರು ಕಡಿಮೆಯಿತ್ತು. ನಾನು ನಾಟಿ ಮಾಡಿ ನಾಲ್ಕು ದಿನವಾಗಿತ್ತು, ಗದ್ದೆ ಬಿರುಕು ಬಿಡತೊಡಗಿತ್ತು, ನನ್ನ ಸರದಿಗೆ ಇನ್ನೂ ಎರಡು ದಿನ. ಕಾದಿದ್ದರೆ ಪೈರು ಸಾಯುತ್ತಿರಲಿಲ್ಲ, ಸ್ವಲ್ಪ ಬಾಡುತ್ತಿತ್ತು. ಅಷ್ಟನ್ನೂ ತಡೆಯಲಾರದೆ ಹೋದೆ.

ಮದುವೆಯ ದಿನ ಮಧ್ಯಾಹ್ನ ನಾನು ಮೊದಲ ಪಂಕ್ತಿಯಲ್ಲಿ ಉಂಡೆ. ಕೈ ತೊಳೆದು ಬರುವಾಗ ಹಿತ್ತಲ ಬೇಲಿಯ ಹೊರಗೆ ನೀರುಗಂಟಿಯೂ ಅವನ ಹೆಂಡತಿಯೂ ತಮ್ಮ ಕೇರಿಯವರ ಜೊತೆ ಕೂತಿದ್ದು ಕಂಡಿತು. ಅವರಿಗೆ ಬಡಿಸುವುದು ಎಲ್ಲರ ಊಟವೂ ಮುಗಿದ ಮೇಲೆ. ಇನ್ನೂ ಎರಡು ಪಂಕ್ತಿ ಆಗಬೇಕಿತ್ತು. ಇವನು ಇಲ್ಲಿಂದ ಏಳಲು ಇನ್ನೂ ಹೊತ್ತಿದೆ ಎಂದು ಲೆಕ್ಕ ಹಾಕಿದೆ. ನೆಟ್ಟಗೆ ಮನೆಗೆ ಹೋಗಿ ಗುದ್ದಲಿ ತೆಗೆದುಕೊಂಡು ಗದ್ದೆಗೆ ನಡೆದೆ.

ಬಯಲಿನಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಗುದ್ದಲಿ ತುದಿಯಿಂದ ತೂಬಿನ ಹಲಗೆಯನ್ನು ಮೀಟಿ ಎತ್ತಿದೆ. ಅದು ಕೆಳಗೆ ಬೀಳದಂತೆ ಗುದ್ದಲಿಯನ್ನೇ ಅಡ್ಡ ಕೊಟ್ಟು ನಿಲ್ಲಿಸಿದೆ. ನೀರು ಬಂತು. ನನ್ನ ಗದ್ದೆಯ ಬಾಯಿಗೆ ಅಡ್ಡವಾಗಿದ್ದ ಮಣ್ಣನ್ನು ಕೈಯಲ್ಲೇ ತೆಗೆದು ಒಳಗೆ ಬಿಟ್ಟುಕೊಂಡೆ. ಪೈರಿನ ಬುಡದಲ್ಲಿ ನೀರು ನಿಲ್ಲುವುದನ್ನು ನೋಡುತ್ತ ಬದುವಿನ ಮೇಲೆ ಕೂತಿದ್ದೆ. ಅಷ್ಟರಲ್ಲಿ ಊರ ಕಡೆಯಿಂದ ವಾಲಗದ ಸದ್ದು ಮತ್ತೆ ಶುರುವಾಯಿತು. ಮೈಸೂರಿನಿಂದ ಬಂದಿದ್ದ ಶುಭಾಶಯದ ಪತ್ರವನ್ನು ಆರತಿಗೆ ಮುಂಚೆ ಎಲ್ಲರೆದುರು ನಾನು ಓದಬೇಕಾಗಿತ್ತು. ಅದು ನೆನಪಾಗಿ ಎದ್ದೆ. ನನ್ನ ಗದ್ದೆಯ ಬಾಯಿ ಮುಚ್ಚುವುದನ್ನು ಮರೆಯಲಿಲ್ಲ. ತೂಬಿನ ಹಲಗೆ ಇಳಿಸುವುದನ್ನು ಮರೆತೆ. ಹಳ್ಳಿಯಲ್ಲಿ ಪತ್ರ ಓದುವ ಮರ್ಯಾದೆ ಆ ವಯಸ್ಸಿನವನಿಗೆ ಎಷ್ಟು ದೊಡ್ಡದಿತ್ತೆಂದು ಈಗ ಹೇಳಿದರೆ ನಗು ಬಂದೀತು.

ಪತ್ರ ಓದಿದೆ. ಜನ ಭೇಷ್ ಎಂದರು. ಎಲೆಯಡಿಕೆ ಬಾಯಲ್ಲಿರುವಾಗಲೇ ಬಯಲಿನಿಂದ ಕೂಗು ಕೇಳಿಸಿತು.

ತುಂಬಿ ಬಂದ ನೀರಿಗೆ ಕಾಲುವೆ ತಿರುವಿನಲ್ಲಿ ಒಡೆದಿತ್ತು. ತಿರುವಿನ ಕೆಳಗೆ ಗಂಡ ಸತ್ತ ಹೆಂಗಸೊಬ್ಬಳ ಗದ್ದೆ. ಹಿಂದಿನ ದಿನವಷ್ಟೇ ಅವಳು ನಾಟಿ ಮುಗಿಸಿದ್ದಳು. ಬೇರು ಹಿಡಿಯದ ಪೈರು ಪೂರಾ ಕಿತ್ತುಹೋಗಿ ಬೇಲಿಗೆ ಸಿಕ್ಕಿಕೊಂಡಿತ್ತು. ಅವಳು ಕೆಸರಿನಲ್ಲಿ ನಿಂತು ಒಂದೊಂದೇ ಕಡ್ಡಿ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಜನರ ನಡುವೆ ನಿಂತು ತೂಬಿನ ಕಡೆ ನೋಡಿದೆ. ಹಲಗೆ ಇಳಿದಿತ್ತು. ಗುದ್ದಲಿ ಇರಲಿಲ್ಲ. ಇತ್ತ ನೀರುಗಂಟಿ ಸೊಂಟದವರೆಗೆ ಒದ್ದೆಯಾಗಿ, ಒಡೆದ ಕಡೆ ಹುಲ್ಲು ಮಣ್ಣು ತುಂಬುತ್ತಿದ್ದ. ತಲೆ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ಗುದ್ದಲಿ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡಿತ್ತು. ಮಣ್ಣಿನ ಒಂದು ಕಲೆಯೂ ಇಲ್ಲದಂತೆ ತೊಳೆದಿತ್ತು. "ನೀನು ತಂದಿಟ್ಟೆಯಾ?" ಎಂದು ತಾಯಿಯನ್ನು ಕೇಳಿದೆ. "ನಾನ್ಯಾಕಪ್ಪ ತರ್ಲಿ" ಎಂದಳು. ಮತ್ತೆ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿಗುತ್ತಿತ್ತು.

ಮೂರನೆಯ ದಿನ ಗುಡಿಯ ಮುಂದೆ ಪಂಚಾಯಿತಿ ಸೇರಿತು. ಊರಿನವರು ಕಟ್ಟೆಯ ಮೇಲೆ, ನೀರುಗಂಟಿ ಕೆಳಗೆ, ಬಿಸಿಲಿನಲ್ಲಿ. ಅವನ ಹಿಂದೆ ದೂರದಲ್ಲಿ ಹೆಂಡತಿ, ಸೊಂಟದ ಮೇಲೆ ಮಗು.

"ಲೇ ನೀರ್ಗಂಟಿ, ಅಲಗೆ ಎತ್ತಿದ್ಯಾರ್ಲಾ?" ಎಂದರು ಪಟೇಲರು.

"ನಾನೆತ್ನಿಲ್ಲ ಬುದ್ಧಿ."

"ಇನ್ನೇನು ಅಲಗೆಗೇ ಕಾಲು ಬಂದಿದ್ವ?"

ಜನ ನಕ್ಕರು. ಒಬ್ಬ ಹಿರಿಯರು ಸೇರಿಸಿದರು: "ಮದ್ವೆ ಮನೇಲಿ ಏರಿಸ್ಕಂಡು ಬಿದ್ದಿದ್ದೆ ಅನ್ನು, ಮುಗೀತದೆ."

"ಕೊನೇ ಪಂಕ್ತಿ ಬುದ್ಧಿ, ನಮ್ದು. ಎಲೆ ಆಕೋದೇ ಹೊತ್ತಾಯ್ತು. ಉಂಡವನೇ ಓಡ್ ಬಂದೆ."

"ಮತ್ತೆ ಯಾರು ಎತ್ತಿದ್ದು? ಕಂಡ್ಯಾ ಯಾರ್ನಾರ?"

"ಎತ್ತೋದ್ನ ಕಣ್ಣಲ್ಲಿ ಕಾಣ್ನಿಲ್ಲ ಬುದ್ಧಿ" ಎಂದ. ಅದು ನಿಜವೇ. ಅವನು ಕಂಡದ್ದು ಗುದ್ದಲಿಯನ್ನು.

ಹೀಗೆ ಮಾತಿಗೆ ಮಾತು ನಿಂತುಬಿಟ್ಟರೆ ನಮ್ಮೂರಲ್ಲಿ ಪ್ರಮಾಣಕ್ಕೆ ಬಿಡುತ್ತಿದ್ದರು. ಗುಡಿಯೊಳಗೆ ಅಮ್ಮನ ಮುಂದೆ ಒಂದು ದೀಪ ಹಚ್ಚಿಡುತ್ತಿದ್ದರು. ಆಪಾದನೆ ಹೊತ್ತವನು ನಾನು ಮಾಡಿಲ್ಲ ಎಂದು ಹೇಳಿ ಕೈಯಿಂದ ದೀಪ ಆರಿಸಿದರೆ ಅವನು ಶುದ್ಧ, ಮುಂದೆ ಯಾರೂ ಆ ಮಾತೆತ್ತುವಂತಿಲ್ಲ. ಗುಡಿ ಹತ್ತಬಾರದ ಜನ ಹೊರಗೇ ನಿಂತು, ಒಳಗೆ ಹೋಗಬಲ್ಲ ಒಬ್ಬರನ್ನು ತಮ್ಮ ಪರವಾಗಿ ಕೇಳಿಕೊಳ್ಳಬೇಕು. ಸುಳ್ಳು ಪ್ರಮಾಣವಾದರೆ ಅದರ ಪಾಪ ಆರಿಸಿದವರಿಗೆ. ಹಾಗಾಗಿ ಯಾರೂ ಸುಲಭಕ್ಕೆ ಒಪ್ಪುತ್ತಿರಲಿಲ್ಲ.

"ನಿನ್ನ ಪರವಾಗಿ ದೀಪ ಆರ್ಸೋರು ಯಾರಾರ ಅವ್ರೇನ್ಲಾ?" ಎಂದು ಪಟೇಲರು ಕೇಳಿದರು.

ನೀರುಗಂಟಿ ಕಟ್ಟೆಯ ಮೇಲಿದ್ದವರನ್ನೆಲ್ಲ ಒಮ್ಮೆ ನೋಡಿದ. ನನ್ನಲ್ಲಿಗೆ ಬಂದಾಗ ಅವನ ಕಣ್ಣು ನಿಂತಿತು.

"ಆ ಓದಿರೋ ಬುದ್ಧಿಯೋರು ಓಗ್ಲಿ. ಅವ್ರು ಆರಿಸಿದ್ರೆ ನಂಗೆ ಸಾಕು."

ಗುಂಪಿನಲ್ಲಿ ಮೆಚ್ಚಿಗೆಯ ಗುಜುಗುಜು ಎದ್ದಿತು. "ಆಳ್ ನೋಡಿ ಇಡಿದವ್ನೆ ಕಣೋ" ಎಂದರು ಯಾರೋ. ಗುದ್ದಲಿ ತೊಳೆದು ತಂದಿಟ್ಟದ್ದು ಯಾರ ಮನೆಯವರೆಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಅವನ ಮುಖದಲ್ಲಿ ಬೆದರಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕಾಲುವೆಗೆ ಪಾದವಿಟ್ಟು ನೀರು ಬರುವ ಹೊತ್ತು ನೋಡುವಾಗ ಹೇಗಿರುತ್ತಿದ್ದನೋ ಹಾಗೇ ಇದ್ದ.

ಒಳಗೆ ಹೋದೆ. ಪೂಜಾರಿ ದೀಪ ಹಚ್ಚಿ ಪಕ್ಕಕ್ಕೆ ಸರಿದ. ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ಹೊರಗೆ ನಿಂತವನು ಹಲಗೆ ಮುಟ್ಟಿಲ್ಲ. ಆ ಮಾತನ್ನು ಎಳ್ಳಷ್ಟೂ ಅಳುಕಿಲ್ಲದೆ ಹೇಳಬಲ್ಲವನು ಇಡೀ ಊರಿನಲ್ಲಿ, ಅವನನ್ನು ಬಿಟ್ಟರೆ, ನಾನೊಬ್ಬನೇ. ನನ್ನಷ್ಟು ಚೆನ್ನಾಗಿ ಅದು ಯಾರಿಗೂ ಗೊತ್ತಿರಲಿಲ್ಲ. ಆರಿಸಿದ್ದರೆ ಸತ್ಯಕ್ಕೇ ಆರಿಸಿದಂತಾಗುತ್ತಿತ್ತು. ಆದರೆ ಆರಿಸಿದ ಮೇಲೆ ಹೊರಗಿನವರು ಕೇಳುವ ಮುಂದಿನ ಪ್ರಶ್ನೆ, ಹಾಗಾದರೆ ಯಾರು ಎಂಬುದು, ಆಗಲೇ ನನ್ನ ಕಿವಿಯಲ್ಲಿತ್ತು. ದೀಪದ ಕಾವು ಅಂಗೈಗೆ ತಾಗುವಷ್ಟು ಹತ್ತಿರ ಕೈ ಒಯ್ದೆ. ಹಿಂದಕ್ಕೆ ತೆಗೆದುಕೊಂಡೆ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಹೇಳಿದೆ: "ಕಣ್ಣಾರೆ ಕಾಣದ್ದಕ್ಕೆ ದೀಪ ಆರಿಸುವುದು ಧರ್ಮವಲ್ಲ."

ಈ ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ನಾನು ಕಂಡಿಲ್ಲ ಎಂದು ಎಲ್ಲಿಯೂ ಹೇಳಲಿಲ್ಲ. ಹೇಳಿದ್ದು ಎಲ್ಲರೂ ಒಪ್ಪುವ ಒಂದು ನೀತಿಯ ಮಾತು. ಸುಳ್ಳು ಹೇಳದವನು ಎಂಬ ಹೆಸರಿಗೆ ಒಂದು ಗೀರೂ ಬೀಳಲಿಲ್ಲ. ಕಟ್ಟೆಯ ಮೇಲಿದ್ದವರು ತಲೆದೂಗಿದರು. ಆಮೇಲೆ ಪಟೇಲರು, "ಇದಪ್ಪಾ ಓದಿದ್ದಕ್ಕೆ ಸಾರ್ಥಕ" ಎಂದರು.

ನೀರುಗಂಟಿ ನನ್ನನ್ನು ಇನ್ನೊಮ್ಮೆ ನೋಡಿದ. "ಆಗ್ಲಿ ಬುದ್ಧಿ" ಎಂದ. ಯಾರೂ ಹೇಳುವ ಮುಂಚೆಯೇ ತನ್ನ ಗುದ್ದಲಿ ತಂದು ಕಟ್ಟೆಯ ಕೆಳಗೆ ಇಟ್ಟ. ಅವನ ತಂದೆಯ ಕಾಲದ ಗುದ್ದಲಿ. ಅಲಗು ಸವೆದು ಅಂಗೈಯಷ್ಟಾಗಿತ್ತು. ನೀರುಗಂಟಿಕೆ ಬೇರೆ ಮನೆಗೆ ಹೋಯಿತು. ಕಣದ ಹೊರೆ ನಿಂತಿತು. ಆ ಸುಗ್ಗಿಗೆ ಮುಂಚೆಯೇ ಅವರು ಊರು ಬಿಟ್ಟರು. ಹೆಗ್ಗಡದೇವನಕೋಟೆಯ ಕಡೆ ಮರ ಕಡಿಯುವ ಕೆಲಸಕ್ಕೆ ಹೋದರಂತೆ ಎಂದು ಯಾರೋ ಹೇಳಿದರು.

ನಾನು ನನ್ನಲ್ಲಿ ಉಳಿದಿದ್ದ ಪೈರನ್ನೆಲ್ಲ ಆ ವಿಧವೆಗೆ ಕೊಟ್ಟೆ. ನಾನೇ ಗದ್ದೆಗಿಳಿದು ನಾಟಿಯನ್ನೂ ಮಾಡಿಕೊಟ್ಟೆ. ಅವಳು ಕೈ ಮುಗಿದು, "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ" ಎಂದಳು. ಆಮೇಲೆ ಆ ನೀರುಗಂಟಿಯನ್ನು ಬಾಯ್ತುಂಬ ಶಪಿಸಿದಳು. ನಾನು ಬಗ್ಗಿಕೊಂಡು ಪೈರು ಊರುತ್ತಿದ್ದೆ. ಅವತ್ತು ಮನೆಗೆ ಬಂದು ಅಕ್ಷರವಿದ್ದ ಕಾವನ್ನು ಗುದ್ದಲಿಯಿಂದ ಬಿಡಿಸಿ ನೀರೊಲೆಗೆ ಹಾಕಿದೆ. ಆ ನೀರಿನಲ್ಲೇ ಸ್ನಾನ ಮಾಡಿದೆ.

ಅಲ್ಲಿಂದ ಮುಂದೆ ನನ್ನ ಮರ್ಯಾದೆ ಏರುತ್ತಲೇ ಹೋಯಿತು. ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಜಗಳ, ಬದುವಿನ ತಂಟೆ, ಏನಿದ್ದರೂ ನನ್ನನ್ನು ಕರೆಯುತ್ತಿದ್ದರು. ಎಷ್ಟೋ ಜನರಿಂದ ಊರ ಮುಂದೆ "ತಪ್ಪಾಯ್ತು" ಎನ್ನಿಸಿದ್ದೇನೆ. ಹೇಳಿದ ಮೇಲೆ ಅವರ ಹೆಗಲು ಹೇಗೆ ಇಳಿಯುತ್ತದೆ, ಉಸಿರು ಹೇಗೆ ಹಗುರಾಗುತ್ತದೆ ಎಂದು ನೋಡಿದ್ದೇನೆ. ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಹತ್ತು ಹನ್ನೆರಡು ವರ್ಷಗಳಾದವು. ಯುದ್ಧದ ಕಾಲ, ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಹೊಸ ಮನೆಗೆ ತೊಲೆ ನೋಡಲೆಂದು ಹುಣಸೂರಿಗೆ ಹೋಗಿ, ಅಲ್ಲಿ ಒಳ್ಳೆಯದು ಸಿಕ್ಕದೆ ಹೆಗ್ಗಡದೇವನಕೋಟೆಗೆ ಹೋದೆ. ವಾಪಸು ಬರುವ ಬಸ್ಸಿನ ಒಲೆಗೆ ಇದ್ದಿಲು ತುಂಬಿ ತಿರುವುತ್ತಿದ್ದರು. ಮರದ ಕೆಳಗೆ ಒಬ್ಬ ಹೆಂಗಸು ನೆಲ್ಲಿಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಬುದ್ಧಿ, ನೀವಲ್ವ? ಗುರ್ತು ಸಿಕ್ನಿಲ್ವ?"

ಸಿಕ್ಕಿತ್ತು. ಸೊಂಟದ ಮೇಲೆ ಮಗು ಇಲ್ಲದಿದ್ದರೂ ಸಿಕ್ಕಿತ್ತು. ಎಲ್ಲಿ ಅವನು ಎಂದು ಕೇಳಲು ಬಾಯಿ ತೆರೆದೆ.

"ನಮ್ ಐಕ್ಳ ಅಪ್ಪ ತೀರ್ಕಂಡ್ರು. ಬಂದ ಎರಡ್ನೇ ವರ್ಸವೇ. ಈ ಕಾಡ್ ಸೀಮೆ ಚಳಿಜ್ವರ ನಮ್ಮೋರಿಗೆ ಆಗ್ನಿಲ್ಲ." ಅವಳು ನೆಲ್ಲಿಕಾಯಿಯ ಮೇಲಿನ ಧೂಳನ್ನು ಒಂದೊಂದಾಗಿ ಒರೆಸುತ್ತಿದ್ದಳು. "ಗುದ್ಲಿ ತೊಳ್ದು ನಿಮ್ ಕೊಟ್ಗೇಲಿ ಮಡಗಿದ್ದು ನಾನೇ. ಅವರೇ ಕೊಟ್ಟು ಕಳಿಸಿದ್ರು, ಯಾರೂ ಕಾಣ್ದಂಗೆ ಮಡಗ್ಬುಟ್ಟು ಬಾ ಅಂತ."

ಅವಳು ಇನ್ನೊಂದು ಕಾಯಿ ಒರೆಸಿ ಗುಡ್ಡೆಗಿಟ್ಟಳು.

"ನಾನು ಬಡ್ಕಂಡೆ ಬುದ್ಧಿ. ಪಂಚಾಯ್ತೀಲಿ ಯೋಳ್ಬುಡು, ಗುದ್ಲಿ ತೋರ್ಸು ಅಂದೆ. ಕೇಳ್ನಿಲ್ಲ. 'ನಾನ್ ಯೋಳುದ್ರೆ ಆ ಮನುಸ ಊರ್ ಮುಂದೆ ಕಳ್ಳ ಆಯ್ತಾನೆ. ಒಳ್ಳೇ ಮನುಸ, ಏನೋ ಒಂದ್ಸಲ ಆಗೋಗದೆ. ದೀಪದ ಮುಂದೆ ನಿಂತ್ರೆ ತಾನೇ ಯೋಳ್ತಾನೆ, ಅಂಗ್ ಯೋಳುದ್ರೆ ದೊಡ್ಡೋನಾಯ್ತಾನೆ' ಅಂದ್ರು."

ಅವಳು ಮುಖ ಎತ್ತಿದಳು. ಸಣ್ಣಗೆ ನಕ್ಕಳು ಕೂಡ.

"ನಂಬಿದ್ರು. ನಾನ್ ನಂಬಿರ್ನಿಲ್ಲ."

ಬಸ್ಸಿನ ಹಾರನ್ ಕೇಳಿಸಿತು. ಆ ಹೆಂಗಸಿನ ಮುಂದೆ ನಾನು ನಿಂತಿದ್ದೆ. ಸುತ್ತ ನನ್ನ ಗುರುತಿನವರು ಒಬ್ಬರೂ ಇರಲಿಲ್ಲ. ಹೆಸರು ಕಳೆದುಕೊಳ್ಳುವ ಭಯವೂ ಅಲ್ಲಿರಲಿಲ್ಲ. ಬೇರೆಯವರ ಬಾಯಿಂದ ನೂರು ಸಲ ಹೊರಡಿಸಿದ ಆ ಒಂದು ಮಾತು ನಾಲಗೆಯ ತನಕ ಬಂತು. ನಾನು ಕೇಳಿದ್ದು, "ಐಕ್ಳು ಏನ್ ಮಾಡ್ತವೆ?" ಎಂದು.

"ಕೂಲಿ" ಎಂದಳು.

ನೆಲ್ಲಿಕಾಯಿ ಕೊಡು ಎಂದೆ. ಟವಲಿಗೆ ಹಾಕಿದಳು, ಮೇಲೊಂದು ಹಿಡಿ ಹೆಚ್ಚಿಗೆ ಹಾಕಿದಳು. ಬಸ್ಸು ಹತ್ತಿದೆ. ಹುಣಸೂರು ಬರುವವರೆಗೆ ಆ ಗಂಟು ತೊಡೆಯ ಮೇಲಿತ್ತು. ಒಂದನ್ನೂ ತಿನ್ನಲಾಗಲಿಲ್ಲ, ಬಿಸಾಡಲೂ ಆಗಲಿಲ್ಲ. ಮನೆಗೆ ತಂದಾಗ ತಾಯಿ ಉಪ್ಪಿನಕಾಯಿ ಹಾಕಿದಳು. ವರ್ಷವೆಲ್ಲ ನನ್ನ ಎಲೆಗೆ ಬಡಿಸಿದಳು.

ಮತ್ತೆ ಆರು ತಿಂಗಳಿಗೆ ಗಟ್ಟಿ ಮನಸ್ಸು ಮಾಡಿ ಅಲ್ಲಿಗೆ ಹೋದೆ. ಮರದ ಕೆಳಗೆ ಬೇರೆ ಯಾರೋ ಕೂತಿದ್ದರು. ಕಾಡಿನ ಇನ್ನೊಂದು ಕಡೆಗೆ ಕೆಲಸಕ್ಕೆ ಹೋದರು, ಕೇರಳದ ದಿಕ್ಕಿಗೆ ಎಂದರು. ಹುಡುಕಬಹುದಿತ್ತು. ಕೊಯ್ಲು ಹತ್ತಿರ ಬಂದಿದೆ ಎಂದು ಊರಿಗೆ ಹಿಂದಿರುಗಿದೆ.

ನಾನು ಕೆಟ್ಟದ್ದನ್ನು ಮಾಡದೆ ಇರುವುದನ್ನೇ ಒಳ್ಳೆಯತನ ಎಂದು ತಿಳಿದಿದ್ದೆ. ಅದು ಹೆಚ್ಚು ಕಷ್ಟದ್ದಲ್ಲ, ನನ್ನಂಥವನಿಗೂ ಸಾಧ್ಯವಾಯಿತು. ಆ ಮನುಷ್ಯ ಮಾಡಿದ್ದು ಬೇರೆ. ತನ್ನ ಹೆಂಡತಿ ಮಕ್ಕಳ ಅನ್ನವನ್ನು, ನನ್ನೊಳಗೆ ಇದೆ ಎಂದು ತಾನು ನಂಬಿದ ಯಾವುದೋ ಒಂದರ ಮೇಲೆ ಇಟ್ಟ. ಹಾಗೆ ಇಡುವುದು ಸರಿಯೇ ಎಂದು ಅವನ ಹೆಂಡತಿಯ ಕಡೆಯಿಂದ ಯೋಚಿಸಿದಾಗ ನನಗೆ ಉತ್ತರ ಹೊಳೆಯುವುದಿಲ್ಲ. ಅವಳು ಹೇಳಿದಂತೆ ಗುದ್ದಲಿ ತೋರಿಸಿದ್ದರೆ ಅವನು ಬದುಕಿರುತ್ತಿದ್ದ, ಮತ್ತು ಅದು ನ್ಯಾಯವೇ ಆಗಿರುತ್ತಿತ್ತು. ನಾನು ಆ ನಂಬಿಕೆಗೆ ತಕ್ಕವನಾಗಿದ್ದರೆ ಅವಳ ಮಾತು ಸುಳ್ಳಾಗುತ್ತಿತ್ತು. ಅಷ್ಟೇ ನನಗೆ ತಿಳಿದಿರುವುದು.

ಕ್ಷಮೆ ಕೇಳಬೇಕಾದವರ ಹೆಸರು ಬರೆದು ಇದನ್ನು ಮುಗಿಸಬೇಕೆಂದಿದ್ದೆ. ಊರಿನಲ್ಲಿ ಅವರನ್ನು ಕೆಲಸದಿಂದಲೇ ಕರೆಯುತ್ತಿದ್ದರು. ಗಂಡನ ಹೆಸರನ್ನು ಹೆಂಡತಿ ಹೇಳುವ ರೂಢಿ ನಮ್ಮಲ್ಲಿಲ್ಲ, ಅವಳೂ ಹೇಳಲಿಲ್ಲ. ನಾನು ಯಾವತ್ತೂ ಕೇಳಲಿಲ್ಲ. ಹೋದ ತಿಂಗಳು ಶಾಲು ಹೊದ್ದು ಬಂದ ಮೇಲೆ ಉಳಿದಿರುವ ಮುದುಕರನ್ನೆಲ್ಲ ವಿಚಾರಿಸಿದೆ; ಯಾರಿಗೂ ನೆನಪಿಲ್ಲ. ಆದ್ದರಿಂದ ನನಗೆ ಗೊತ್ತಿರುವಷ್ಟನ್ನೇ ಬರೆಯುತ್ತೇನೆ. ನಾನು ತಪ್ಪಾಯ್ತು ಎಂದು ಹೇಳದೆ ಉಳಿದದ್ದು, ಗುಡಿಯ ಮೆಟ್ಟಿಲ ಕೆಳಗೆ ಬಿಸಿಲಿನಲ್ಲಿ ನಿಂತು ನನ್ನನ್ನು ಒಳಗೆ ಕಳಿಸಿದ ನಮ್ಮೂರ ನೀರುಗಂಟಿಯವರಿಗೆ.